ಬೊಂಬಾಯಿ ಕಲ್ಲಲ್ಲ

ಲಂಡನ್, ೯ ನವೆಂಬರ್ ೧೯೩೪, ಶುಕ್ರವಾರ

ಸಿಟ್ಟು ಇನ್ನೂ ಇಳಿದಿಲ್ಲ. ವಾರವೆಲ್ಲ ಪಾಠದ ನಡುವೆ ಸೇತುವೆ, ಅರಮನೆ ನೋಡಿದ್ದಾಯಿತು. ಇಂದು ಭೂವಿಜ್ಞಾನದ ಪ್ರೊಫೆಸರರು ಮ್ಯೂಸಿಯಮ್ಮಿಗೆ ಕರೆದೊಯ್ದರು. ಅಲ್ಲಿ ನಮ್ಮ ಶಹಾಬಾದದ ಹಾಸುಗಲ್ಲು ಇತ್ತು. ಚೀಟಿಯಲ್ಲಿ ಮಾತ್ರ ‘ಬೊಂಬಾಯಿ ಕಲ್ಲು’ ಎಂದಿತ್ತು. ಊರಿನ ಗಣಿಯಲ್ಲಿ ಅಂಥದೇ ಕಲ್ಲು ಸೀಳುವಾಗ ಚಕ್ಕೆ ಸಿಡಿದು ಅಪ್ಪನ ಒಂದು ಕಣ್ಣು ಹೋದದ್ದು.

ತಪ್ಪೆಂದು ಹೇಳಿದೆ. “ಅಲ್ಲಿಂದಲೇ ಹಡಗು ಹತ್ತಿತಲ್ಲ!” ಎಂದು ಪ್ರೊಫೆಸರರು ನಕ್ಕರು.

“ನಾನೂ ಅಲ್ಲಿಂದಲೇ ಹತ್ತಿದೆ. ನನ್ನೂರು ಬೊಂಬಾಯಿಯೇ?” ಎಂದೆ.

ಚಿತ್ತಾಪುರದ ಗೆಳೆಯ ಪ್ರಹ್ಲಾದ ತೋಳು ಜಗ್ಗಿದ: “ಸುಮ್ನಿರಪಾ, ಫೇಲ್ ಮಾಡ್ತಾನ ನೋಡು.”

“ಮಾಡ್ಲಿ ಬಿಡು,” ಎಂದು ಚೀಟಿಯ ಮೇಲೆ ಪೆನ್ಸಿಲಿನಿಂದ ‘ಶಹಾಬಾದ’ ಎಂದು ಬರೆದೇಬಿಟ್ಟೆ.

ಸೋಮವಾರ ಕ್ಷಮೆ ಕೇಳದಿದ್ದರೆ ಪ್ರೊಫೆಸರರು ತರಗತಿಗೆ ಸೇರಿಸುವುದಿಲ್ಲವಂತೆ. ಊರಿನ ಹೆಸರು ಬರೆದದ್ದಕ್ಕೆ ಕ್ಷಮೆಯೇ? ಕೇಳುವುದಿಲ್ಲ. ಕೇಳಿದರೆ ಊರಿಗೆ ಹೋಗಿ ಅಪ್ಪನಿಗೆ ಯಾವ ಮುಖ ತೋರಿಸಲಿ?