ಮನೆಯವರ ಕೈವಾಡ

ಶಾಲೆಯ ವಿಜ್ಞಾನ ಪ್ರದರ್ಶನದ ತೀರ್ಪುಗಾರರಿಗೆ, ಐದನೇ ತರಗತಿಯ ಹುಡುಗಿಯೊಬ್ಬಳ ಅಪ್ಪನ ನಮಸ್ಕಾರ.

ಸಿರಿಂಜು, ನಳಿಕೆ, ರಟ್ಟು ಜೋಡಿಸಿ ನನ್ನ ಮಗಳು ಮಾಡಿದ ಕ್ರೇನನ್ನು ನೀವು ಸ್ಪರ್ಧೆಯಿಂದ ಹೊರಗಿಟ್ಟಿರಿ. ‘ಇದು ಮಗುವಿನ ಕೈಚಳಕವಲ್ಲ, ಮನೆಯವರ ಕೈವಾಡ’ ಎಂದು ಷರಾ ಬರೆದಿರಿ. ಪದಜೋಡಣೆಗೆ ಪೂರ್ತಿ ಅಂಕ, ಪರಿಶೀಲನೆಗೆ ಸೊನ್ನೆ.

ಆ ಮನೆಯವನು ನಾನೇ. ನಾನು ಹೊಡೆದ ಮೊಳೆಯಲ್ಲಿ ಇವತ್ತಿನವರೆಗೆ ಒಂದು ಕ್ಯಾಲೆಂಡರೂ ನಿಂತಿಲ್ಲ. ಅವಳು ವಾರಗಟ್ಟಲೆ ಅಡುಗೆಮನೆಯ ನೆಲದಲ್ಲಿ ಕೂತು, ಸೋರುವ ನಳಿಕೆಗೆ ಸೈಕಲ್ ಟ್ಯೂಬಿನ ತುಂಡು ಸುತ್ತುತ್ತಿದ್ದಾಗ ನನಗೆ ಒಪ್ಪಿಸಿದ ಕೆಲಸ ಒಂದೇ: ‘ಅಪ್ಪಾ, ನೀನು ಸ್ವಲ್ಪ ದೂರ ಇರು.’

ನೀವು ಅವಳನ್ನು ಒಂದು ಪ್ರಶ್ನೆ ಕೇಳಿದ್ದರೂ ತಿಳಿಯುತ್ತಿತ್ತು. ಕೇಳಲಿಲ್ಲ. ತಳದಲ್ಲಿ ಅಂಟಿದ್ದ ಅಂಗಡಿಯ ಬೆಲೆಚೀಟಿಯನ್ನೂ ಕೀಳದ ಜ್ವಾಲಾಮುಖಿಯ ಮಾದರಿಗೆ ಮೊದಲ ಬಹುಮಾನ ಕೊಟ್ಟು, ಕೈ ತಟ್ಟಿ, ಫೋಟೊ ತೆಗೆಸಿಕೊಂಡು ಹೋದಿರಿ.

ಬೇರೆಯವರಿಂದ ಮಾಡಿಸಿಕೊಳ್ಳುವುದು ತಪ್ಪೆಂದು ಅವಳಿಗೆ ಬುದ್ಧಿ ಹೇಳಲು ನಾಳೆ ನೀವು ಮನೆಗೇ ಬರುವಿರೆಂದು ಮುಖ್ಯೋಪಾಧ್ಯಾಯಿನಿ ತಿಳಿಸಿದರು. ದಯವಿಟ್ಟು ಬರಬೇಡಿ. ನಿಮ್ಮ ಷರಾ ಓದಿದವಳು ಏದುಸಿರು ಬಿಡುತ್ತಾ ಬಂದು, ‘ಅಪ್ಪಾ, ದೊಡ್ಡೋರು ಮಾಡಿದ್ದು ಅಂದ್ಕೊಂಡ್ಬಿಟ್ರು! ಅಷ್ಟು ಚೆನ್ನಾಗಿದೆಯಂತೆ’ ಎಂದಳು. ಅಜ್ಜಿಗೆ, ಇಸ್ತ್ರಿಯವನಿಗೆ, ಎದುರುಮನೆಯವರಿಗೆಲ್ಲ ಹೇಳಿ ಆಗಿದೆ. ಬಹುಮಾನ ಬರಲಿಲ್ಲವಲ್ಲ ಎಂದು ಅಜ್ಜಿ ಮರುಗಿದರೆ, ‘ಅದು ಮಕ್ಕಳಿಗೆ ಕೊಡೋದು ಅಜ್ಜೀ’ ಎಂದು ಸಮಾಧಾನ ಮಾಡಿದಳು.

ನೀವು ತಿಳಿಯದೆ ಮಾಡಿದ ಒಳ್ಳೆಯ ಕೆಲಸ ಇದೊಂದೇ. ವಿವರಿಸಿ ಕೆಡಿಸಬೇಡಿ. ಕ್ರೇನನ್ನು ಜವಾನನ ಕೈಯಲ್ಲಿ ಕಳಿಸಿ.

ಇಂತಿ,
ಅವಳ ಅಪ್ಪ