ಅಮ್ಮನ ಹೂವಿನ ಹನ್ನೆರಡು ಜಾಡಿ

ಲ್ಯಾಬಿನ ಊಟದ ಕೋಣೆಯಿಂದ,
ಮಾರ್ಚ್ ೯, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಭಾವ ಈಗಲೂ ಕನ್ನಡಕವನ್ನು ತಲೆಮೇಲೆ ಏರಿಸಿಕೊಂಡು ಮನೆಯೆಲ್ಲ ಹುಡುಕುತ್ತಾರೆಯೇ? ನಾನು ಚೆನ್ನಾಗಿದ್ದೇನೆ ಎಂದರೆ ನೀನು ನಂಬುವುದಿಲ್ಲ, ಹಾಗಾಗಿ ಬರೆಯುವುದಿಲ್ಲ. ಗಾಜಿನ ಜಾಡಿಗಳಲ್ಲಿ ಸಸಿ ಬೆಳೆಸುವ ನಮ್ಮ ಲ್ಯಾಬಿನಲ್ಲಿ ಗಿಡ ಕತ್ತರಿಸುವ ಮೇಜಿನ ಮುಂದೆ ಮಾತಾಡುವಂತಿಲ್ಲ, ಬಾಯಿ ತೆರೆದರೆ ಜಾಡಿಯೊಳಗೆ ಬೂಷ್ಟು ಸೇರುತ್ತದೆ. ವಟವಟ ಎನ್ನುತ್ತಿದ್ದವಳು ದಿನವೆಲ್ಲ ಮಾಸ್ಕ್ ಕಟ್ಟಿಕೊಂಡು ಕೂರುತ್ತೇನೆ. ಮನೆಗೆ ಹೋದರೆ ಅಲ್ಲೂ ಯಾರಿಲ್ಲ. ನಿನ್ನೆ ಅಂಗಡಿಯಲ್ಲಿ ಬ್ರೆಡ್ ಕೇಳಲು ಹೋದರೆ ಸ್ವರವೇ ಹೊರಡಲಿಲ್ಲ.

ಅಮ್ಮನ ಕಾರ್ನೇಷನ್ ನೆನಪಿದೆಯಲ್ಲ, ಅಂಚಿಗೆ ಕೆಂಪು ಗೆರೆಯ ಬಿಳಿ ಹೂವು? ಆ ಗಿಡಕ್ಕೆ ವೈರಸ್ ತಗಲಿತು. ಅದು ಸಾಯುವ ಮೊದಲು, ರೋಗ ಮುಟ್ಟದ, ಸಾಸಿವೆಗಿಂತ ಚಿಕ್ಕ ಕುಡಿತುದಿಗಳನ್ನು ಕತ್ತರಿಸಿ, ಮಣ್ಣಿನ ಬದಲು ಪೋಷಕಾಂಶದ ಜೆಲ್ಲಿ ಹಾಕಿದ ಹನ್ನೆರಡು ಜಾಡಿಗಳಲ್ಲಿಟ್ಟೆ. ಬೂಷ್ಟಿನ ಭಯಕ್ಕೆ ಮುಚ್ಚಳಗಳಿಗೆ ಎರಡೆರಡು ಸುತ್ತು ಟೇಪ್ ಬಿಗಿದೆ. ಬೇಗ ಬೆಳೆಯಲಿ ಎಂದು ಹಾರ್ಮೋನನ್ನೂ ಹೆಚ್ಚೇ ಹಾಕಿದೆ. ತಿಂಗಳಲ್ಲಿ ಎಲೆಗಳು ದಪ್ಪಗೆ ಹೊಳೆಯುತ್ತ ಬಂದವು. ನನಗೆ ಹಾಲು ಕುಡಿದಷ್ಟು ಸಂತೋಷ. ಮೇಲ್ವಿಚಾರಕಿ ಒಂದು ಜಾಡಿಯನ್ನು ಬೆಳಕಿಗೆ ಹಿಡಿದು, "ಇದು ಪುಷ್ಟಿ ಅಲ್ಲಮ್ಮ, ಗಾಳಿ ಇಲ್ದೆ ಎಲೇಲಿ ನೀರು ತುಂಬ್ಕೊಂಡಿದೆ. ಹೊರಗಿಟ್ರೆ ಒಂದು ದಿನಾನೂ ಬದುಕಲ್ಲ" ಎಂದರು. ಎಲೆಯನ್ನು ಮುಟ್ಟಿದರೆ ಗಾಜಿನಂತೆ ಮುರಿಯಿತು. ಇಪ್ಪತ್ತು ವರ್ಷ ಬೇರೆಯವರ ಹೂವಿಗೆ ಮಾಡದ ತಪ್ಪನ್ನು ಅಮ್ಮನ ಹೂವಿಗೇ ಮಾಡಿದೆ. ಅತಿಯಾದರೆ ಅಮೃತವೂ ವಿಷ ಎಂದು ಹೊಸಬರಿಗೆ ಪಾಠ ಹೇಳುವವಳೂ ನಾನೇ.

ಟೇಪ್ ಬಿಚ್ಚಿದೆ. ಗಾಳಿಯಾಡುವ ಮುಚ್ಚಳ ಹಾಕಿ, ಜೆಲ್ಲಿಯನ್ನು ಗಟ್ಟಿ ಮಾಡಿ, ಹಾರ್ಮೋನ್ ಇಳಿಸಿ ಕಾದೆ. ಒಂಬತ್ತು ಹೋದವು. ಮೂರರಲ್ಲಿ ಹೊಸ ಎಲೆ ಬಂದಿದೆ, ಅಮ್ಮನ ಕುಂಡದಲ್ಲಿದ್ದಂಥದೇ ಬೂದು ಹಸಿರು. ಹೇಳಿಕೊಳ್ಳಲು ಯಾರೂ ಇರಲಿಲ್ಲ, ಅದಕ್ಕೇ ಈ ಕಾಗದ.

ಅಮ್ಮ ಹೋದ ದಿನ "ಎಲ್ಲ ಮುಗಿದ ಮೇಲೆ ಬಂದ್ಯಲ್ಲ" ಎಂದು ಎಲ್ಲರೆದುರಿಗೆ ನಿನಗೆ ಅಂದೆ. ದಾರಿಯಲ್ಲಿ ನಿಮ್ಮ ಬಸ್ಸು ಕೆಟ್ಟು ನಿಂತಿತ್ತೆಂದು ಭಾವ ಆಮೇಲೆ ಹೇಳಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎರಡು ವರ್ಷದಿಂದ ನೀನು ಈ ಕಡೆ ತಲೆ ಹಾಕಿಲ್ಲ. ತಪ್ಪು ನನ್ನದು, ಹೊಟ್ಟೆಗೆ ಹಾಕಿಕೋ.

ಭಾವನಿಗೆ ನಮಸ್ಕಾರ ಹೇಳು. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ವಟವಟ ತಂಗಿ

ಮರೆತಿದ್ದೆ: ಮೂರರಲ್ಲಿ ಒಂದು ನಿನ್ನದು. ಇಂಥ ಜಾಡಿಗಳನ್ನು ನಾವು ದಿನವೂ ಪಾರ್ಸೆಲ್ ಮಾಡಿ ಎಲ್ಲೆಲ್ಲಿಗೋ ಕಳಿಸುತ್ತೇವೆ. ನಿನ್ನ ಮನೆಗೂ ಕ್ಷೇಮವಾಗಿ ತಲುಪುತ್ತದೆ. ಆದರೆ ನಾನು ಕಳಿಸುವುದಿಲ್ಲ. ನೀನೇ ಬಂದು ತೆಗೆದುಕೊಂಡು ಹೋಗು.