ಅಕ್ಕ ತೊಳೆದ ಬಾಟಲಿ

ಬುಧವಾರ, ಮಾರ್ಚ್ 12

ನಗರಸಭೆ ನಮ್ಮ ಬೀದಿಗೆ ಕಾರ್ಖಾನೆಯ ದ್ರಾವಕ ಬೆರೆತ ನೀರು ಬಿಡುತ್ತಿದೆ. ಹೇಳಿ ಹೇಳಿ ನನ್ನ ಗಂಟಲು ಒಣಗಿತು. ನಲ್ಲಿ ನೀರನ್ನು ಬಾಟಲಿಯಲ್ಲಿ ತುಂಬಿ ಲ್ಯಾಬಿಗೆ ಕೊಟ್ಟಿದ್ದೆ; ಇವತ್ತು ಅವರ ವರದಿಯೂ ಹೌದೆಂದಿತು. ಓಡಿಬಂದು ಅಕ್ಕನಿಗೆ ತೋರಿಸಿದೆ.

"ನೋಡ್ದ್ಯಾ, ನಾನು ಕೊಟ್ಟ ಬಾಟಲಿನೇ ಗೆದ್ದಿದ್ದು!" ಎಂದು ಬೀಗಿದಳು. "ಲೇಬಲ್ಲಿನ ಅಂಟು ಹೋಗ್ಲಿ ಅಂತ ನಿಮ್ಮ ಭಾವನ ಪೇಂಟ್ ಥಿನ್ನರ್ ಹಾಕಿ ಒಳಗೂ ಹೊರಗೂ ತೊಳೆದಿದ್ದೆ. ಇಲ್ಲಾಂದ್ರೆ ಲ್ಯಾಬಿನವ್ರ ಮುಂದೆ ಮರ್ಯಾದೆ ಏನಾಗ್ತಿತ್ತು?"

ಥಿನ್ನರ್ ಎಂದರೆ ದ್ರಾವಕವೇ! ನಾನು ತಲೆ ಚಚ್ಚಿಕೊಂಡೆ. ನಾನು ಓದಿದ ಹೋರಾಟದ ಕರಪತ್ರಗಳಲ್ಲಿ ಶತ್ರುಗಳ ಬಗ್ಗೆ ಪುಟಗಟ್ಟಲೆ ಇದೆ, ಅಕ್ಕಂದಿರ ಬಗ್ಗೆ ಒಂದು ಸಾಲೂ ಇಲ್ಲ.

"ಯಾರಿಗೆ ಗೊತ್ತಾಗತ್ತೆ, ಸುಮ್ನಿರೋ," ಎಂದಳು. ನನಗೆ ಗೊತ್ತಲ್ಲ! ಸುಳ್ಳು ವರದಿ ಹಿಡಿದು ನಗರಸಭೆಗೆ ಹೋಗಿ ಸಿಕ್ಕಿಬಿದ್ದರೆ, ಆಮೇಲೆ ನಿಜವನ್ನೂ ಯಾರೂ ನಂಬುವುದಿಲ್ಲ. ಅಕ್ಕ ತನ್ನ ಮಗುವಿಗೆ ಹಾಲಿನ ಪುಡಿ ಕಲಸುವುದೂ ಅದೇ ನಲ್ಲಿ ನೀರಿನಲ್ಲಿ.

ಲ್ಯಾಬಿನ ಮೇಡಂಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. ನಕ್ಕು ನಕ್ಕು ಕೆಮ್ಮಿದರು. "ಸದ್ಯ, ಹೇಳಿದ್ಯಲ್ಲಪ್ಪ. ಈ ಸಲ ಬಾಟಲಿ ನಾನೇ ತರ್ತೀನಿ. ನಿಮ್ಮಕ್ಕನ್ನ ಮಾತ್ರ ಹತ್ರ ಬಿಡ್ಬೇಡ."

ಮರುಪರೀಕ್ಷೆ ಆಗುವವರೆಗೆ ಮಗುವಿಗೆ ನೀರು ಎಲ್ಲಿಂದ ತರುವುದೋ. ಮೇಡಂ ಮತ್ತೆ ನೀರು ತುಂಬಿಕೊಳ್ಳಲು ಬರುವುದು ಶನಿವಾರ ಬೆಳಿಗ್ಗೆ ಆರಕ್ಕೆ, ಬೀದಿ ನಲ್ಲಿಯ ಹತ್ತಿರ.